ಬಂದದ್ದು ಯಾವ ಬಗೆ?

(ಆವತಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)

ಆವತಿ ಬೆಟ್ಟದ ಮೇಲೆ ತಿಮ್ಮರಾಯಸ್ವಾಮಿ ಗುಡಿಯ ಬಳಿ ನಿಂತು ದಕ್ಷಿಣಕ್ಕೆ ಮುಖ ಮಾಡಿದರೆ, ಮೋಡವಿಲ್ಲದ ದಿನ, ದೇವನಹಳ್ಳಿಯಾಚೆ ವಿಮಾನಗಳು ಏರುವುದೂ ಇಳಿಯುವುದೂ ಕಣ್ಣಿಗೆ ಬೀಳುತ್ತದೆ. ಸಂಜೆ ಕವಿದ ಮೇಲೆ ಒಂದರ ಹಿಂದೊಂದು ದೀಪ, ದಾರಕ್ಕೆ ಪೋಣಿಸಿದ ಹಾಗೆ. ಕಣ್ಣಿಗೆ ಬೀಳದ ಇನ್ನೊಂದು ಸಾಲು ಕೂಡ ಅದೇ ಆಕಾಶದಲ್ಲಿ ಹರಿಯುತ್ತಿರುತ್ತದೆ. ಆ ವಿಮಾನಗಳು 1090 ಮೆಗಾಹರ್ಟ್ಸ್ ತರಂಗದಲ್ಲಿ ತಮ್ಮ ಸುದ್ದಿಯನ್ನು ಬಿಡದೆ ಸಾರುತ್ತಾ ಹೋಗುತ್ತವೆ. ಹೆಸರು ಇಂಥದು, ಇರುವುದು ಇಲ್ಲಿ, ಎತ್ತರ ಇಷ್ಟು, ವೇಗ ಇಷ್ಟು. ಎಡಿಎಸ್-ಬಿ ಎಂದು ಈ ಏರ್ಪಾಡಿನ ಹೆಸರು. 2008ರ ಮೇ 24ರಂದು ದೇವನಹಳ್ಳಿ ವಿಮಾನ ನಿಲ್ದಾಣ ಬಾಗಿಲು ತೆರೆದಾಗಿನಿಂದ ಈ ಊರಿನ ನೆತ್ತಿಯ ಮೇಲೆ ಸದ್ದು ಹೆಚ್ಚಿತು ಎಂದು ಎಲ್ಲರಿಗೂ ಗೊತ್ತು. ಸದ್ದಿಲ್ಲದ ಈ ಮಾತುಕತೆ ಗೊತ್ತಿರುವವರು ಕಡಿಮೆ.

ಸಾಲು ಎನ್ನುವುದು ಆವತಿಗೆ ಹೊಸದಲ್ಲ. ಕಂಚಿಯ ಕಡೆಯಿಂದ ಏಳು ಮಂದಿ ಒಕ್ಕಲಿಗರು ಸಂಸಾರ ಸಮೇತ ಬಂಡಿ ಕಟ್ಟಿಕೊಂಡು ಹೊರಟರು, ಪಾಲಾರ್ ಹೊಳೆ ದಾಟಿದರು, ನಂದಿಯ ಪೂರ್ವಕ್ಕಿರುವ ರಾಮಸ್ವಾಮಿ ಬೆಟ್ಟದ ಬುಡದಲ್ಲಿ ಬಂಡಿ ಬಿಚ್ಚಿದರು, ಅವರಲ್ಲಿ ರಣಭೈರೇಗೌಡರು ಆವತಿಯಲ್ಲಿ ನೆಲೆ ನಿಂತರು ಎಂದು ಪರಂಪರೆ ಹೇಳುತ್ತದೆ. ಆ ಮನೆತನದ ಮಲ್ಲಭೈರೇಗೌಡರು 1501ರಲ್ಲಿ ದೇವನಹಳ್ಳಿಯ ಕೋಟೆ ಕಟ್ಟಿಸಿದರು. ಇನ್ನೊಂದು ಕವಲು ಯಲಹಂಕಕ್ಕೆ ಹೋಯಿತು. ಆ ಕವಲಿನ ಕೆಂಪೇಗೌಡರ ಹೆಸರು 2013ರಲ್ಲಿ ವಿಮಾನ ನಿಲ್ದಾಣಕ್ಕೆ ಬಂತು. ಆ ಬಂಡಿಸಾಲನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಒಂದರಲ್ಲಿ ಬಿತ್ತನೆ ಕಾಳು ಇದ್ದೀತು, ಒಂದರಲ್ಲಿ ಪಾತ್ರೆ ಪಗಡೆ, ಇನ್ನೊಂದರಲ್ಲಿ ಮಕ್ಕಳು ಮುದುಕರು. ಸಾಲು ಒಂದೇ ಆದರೂ ತುಂಬಿದ ಹೊಳೆಯಲ್ಲಿ ಎಲ್ಲ ಬಂಡಿಯನ್ನೂ ಒಂದೇ ಥರ ದಾಟಿಸಲು ಬರುವುದಿಲ್ಲ. ಯಾವ ಬಂಡಿಯಲ್ಲಿ ಏನಿದೆ ಎಂದು ದಾಟಿಸುವವನಿಗೆ ಮೊದಲೇ ತಿಳಿದಿರಬೇಕು.

ಈ ಉಪನ್ಯಾಸದ ವಿಷಯವೂ ಇದೇ. ಒಂದೇ ಹರಿವಿನಲ್ಲಿ ಬೇರೆ ಬೇರೆ ಬಗೆಯ ಘಟಕಗಳು ಬರುವಾಗ, ಅವನ್ನು ಸಂಭಾಳಿಸುವ ಲೈಬ್ರರಿ ಆ ಬಗೆಗಳನ್ನು ಹೇಗೆ ಹಿಡಿದಿಡಬೇಕು? ಲೈಬ್ರರಿ ಎಂದರೆ ಇಲ್ಲಿ ಪುಸ್ತಕದ ಮನೆಯಲ್ಲ. ಬೇರೆಯವರು ತಮ್ಮ ಪ್ರೋಗ್ರಾಮಿನಲ್ಲಿ ಬಳಸಿಕೊಳ್ಳಲಿ ಎಂದು ಒಬ್ಬರು ಬರೆದಿಟ್ಟ ಸಿದ್ಧ ಉಪಕರಣಗಳ ಕಟ್ಟು. ಹರಿವು ಎಂದರೆ ಮುಗಿಯುವ ಪಟ್ಟಿಯಲ್ಲ. ಕೆರೆಯ ನೀರನ್ನು ಅಳೆದು ಮುಗಿಸಬಹುದು, ಕಾಲುವೆಯ ನೀರನ್ನು ಹರಿಯುತ್ತಿರುವಾಗಲೇ ಅಳೆಯಬೇಕು. ಹಾಗೆ ಬಂದದ್ದನ್ನು ಬಂದ ಹಾಗೆಯೇ ನೋಡಿ, ತೀರ್ಮಾನಿಸಿ, ಮುಂದಕ್ಕೆ ಬಿಡುವ ಕೆಲಸ ಅದು.

ಮೊದಲು ವಿಮಾನದ ಒಂದು ಸಂದೇಶವನ್ನು ಹತ್ತಿರದಿಂದ ನೋಡೋಣ. ಅದರ ಉದ್ದ 112 ಬಿಟ್. ಮುಂಚಿನ ಎಚ್ಚರಿಕೆಯ ಮಿಡಿತಗಳೂ ಸೇರಿ 120 ಮೈಕ್ರೋಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಮೊದಲ ಎಂಟು ಬಿಟ್ ಸಾಮಾನ್ಯವಾಗಿ ಹೀಗಿರುತ್ತವೆ: 10001101. ಇದರ ಮೊದಲ ಐದು, 10001 ಎಂದರೆ 17. ಇದು ಎಡಿಎಸ್-ಬಿ ಸಂದೇಶ ಎಂದು ಸಾರುವ ಗುರುತು. ಮುಂದಿನ ಮೂರು ಬಿಟ್ ಉಪಕರಣದ ಸಾಮರ್ಥ್ಯ ಹೇಳುತ್ತವೆ. ಆಮೇಲೆ 24 ಬಿಟ್‌ನ ವಿಳಾಸ. ಭಾರತದಲ್ಲಿ ನೋಂದಣಿಯಾದ ವಿಮಾನಗಳ ವಿಳಾಸಗಳು ಹದಿನಾರರ ಎಣಿಕೆಯಲ್ಲಿ 80, 81, 82, 83 ಇವುಗಳಲ್ಲೊಂದರಿಂದ ಶುರುವಾಗುತ್ತವೆ. ನಂತರದ 56 ಬಿಟ್ಟೇ ನಿಜವಾದ ಸುದ್ದಿ. ಕಡೆಯ 24 ಬಿಟ್, ದಾರಿಯಲ್ಲಿ ಏನಾದರೂ ಕೆಟ್ಟಿದೆಯೇ ಎಂದು ಪರೀಕ್ಷಿಸಲು.

ಆ 56 ಬಿಟ್‌ನ ಮೊದಲ ಐದನ್ನು ಬೇರೆಯಾಗಿ ಎತ್ತಿಟ್ಟಿರುವುದರಲ್ಲಿ ರೂಪಿಸಿದವರ ಜಾಣ್ಮೆ ಇದೆ. ಅದು ಸುದ್ದಿಯ ಬಗೆ. 1ರಿಂದ 4 ಬಂದರೆ ಹೆಸರು, 5ರಿಂದ 8 ನೆಲದ ಮೇಲಿನ ಸ್ಥಾನ, 9ರಿಂದ 18 ಆಕಾಶದಲ್ಲಿನ ಸ್ಥಾನ, 19 ಬಂದರೆ ವೇಗ, 28 ತುರ್ತು ಸ್ಥಿತಿಯಂಥ ಸಂಗತಿ, 31 ಉಪಕರಣಗಳ ಕಾರ್ಯಸ್ಥಿತಿ. ಹೆಸರಿನ ಬಗೆಯೊಳಗೂ ಒಳಬಗೆಗಳಿವೆ. ಭಾರಿ ವಿಮಾನ, ಗ್ಲೈಡರ್, ನಿಲ್ದಾಣದ ನೆಲದಲ್ಲಿ ಓಡಾಡುವ ಸೇವಾ ವಾಹನ, ಪ್ಯಾರಾಚೂಟ್ ಕಟ್ಟಿಕೊಂಡು ಇಳಿಯುವ ಮನುಷ್ಯ ಕೂಡ! ಎಲ್ಲರಿಗೂ ಒಂದೊಂದು ಸಂಖ್ಯೆ ಇದೆ. ಹಾರುತ್ತಿರುವ ವಿಮಾನ ಸ್ಥಾನವನ್ನು ಸೆಕೆಂಡಿಗೆ ಎರಡು ಸಲ, ವೇಗವನ್ನು ಸೆಕೆಂಡಿಗೆ ಎರಡು ಸಲ, ಹೆಸರನ್ನು ಐದು ಸೆಕೆಂಡಿಗೊಮ್ಮೆ ಹೇಳುತ್ತದೆ. ಈ ಮೂರನ್ನೇ ಲೆಕ್ಕ ಹಾಕಿದರೂ ಒಂದು ವಿಮಾನದಿಂದ ನಿಮಿಷಕ್ಕೆ ಸುಮಾರು 250 ಸಂದೇಶ. ಹತ್ತಾರು ವಿಮಾನಗಳ ಮಾತು ಒಂದೇ ತರಂಗದಲ್ಲಿ ಕಲಸಿಕೊಂಡು ಬರುತ್ತದೆ.

ಇದನ್ನು ಪ್ರೋಗ್ರಾಮಿನೊಳಗೆ ಹೇಗೆ ಹಿಡಿದಿಡುವುದು?

ರೆಡಿಸ್ ಎಂಬ ಹೆಸರಾಂತ ದತ್ತಾಂಶ ಸಂಗ್ರಹವನ್ನು ಬರೆದ ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ 2012ರಲ್ಲಿ ಡಂಪ್1090 ಎಂಬ ಪ್ರೋಗ್ರಾಂ ಬರೆದರು. ಅಗ್ಗದ ಟಿವಿ ರಿಸೀವರ್ ಕಡ್ಡಿಯೊಂದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಈ ಸಂದೇಶಗಳನ್ನು ಬಿಡಿಸಿ ಓದುವ ಪ್ರೋಗ್ರಾಂ ಅದು. ಸಿ ಭಾಷೆಯಲ್ಲಿದೆ, ಚಿಕ್ಕದು, ಚುರುಕಾದದ್ದು, ಜಗತ್ತಿನಾದ್ಯಂತ ಹವ್ಯಾಸಿಗಳು ಅದನ್ನೂ ಅದರಿಂದ ಹುಟ್ಟಿದ ಕವಲುಗಳನ್ನೂ ಬಳಸುತ್ತಾರೆ. ಅದರಲ್ಲಿ ಸಂದೇಶವನ್ನು ಹಿಡಿದಿಡಲು ಒಂದೇ ಒಂದು ಅಚ್ಚು ಇದೆ. ಆ ಅಚ್ಚಿನಲ್ಲಿ ವಿಮಾನದ ಹೆಸರಿಗೂ ಖಾನೆ, ಪೂರ್ವ ಪಶ್ಚಿಮದ ವೇಗಕ್ಕೂ ಖಾನೆ, ಅಕ್ಷಾಂಶ ರೇಖಾಂಶಕ್ಕೂ ಖಾನೆ. ಯಾವ ಖಾನೆ ಯಾವ ಬಗೆಯ ಸಂದೇಶಕ್ಕೆ ಸೇರಿದ್ದು ಎಂಬುದನ್ನು ಪಕ್ಕದಲ್ಲಿ ಟಿಪ್ಪಣಿಯಾಗಿ ಬರೆದಿದೆ. ಟಿಪ್ಪಣಿಯನ್ನು ಓದುವುದು ಮನುಷ್ಯರು, ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಓದುವುದಿಲ್ಲ. ವೇಗದ ಸಂದೇಶ ಬಂದಾಗ ಹೆಸರಿನ ಖಾನೆಯಲ್ಲಿರುವುದಕ್ಕೆ ಅರ್ಥವಿಲ್ಲ. ಆದರೂ ಯಾರಾದರೂ ಅದನ್ನು ಓದಿದರೆ ಪ್ರೋಗ್ರಾಂ ತಡೆಯುವುದಿಲ್ಲ.

ಈ ಬಗೆಯ ಅಚ್ಚನ್ನು ಮೂಟೆ ಎಂದು ಕರೆಯಬಹುದು. ರಾಗಿ, ಹುರುಳಿ, ಅವರೆ ಎಲ್ಲಕ್ಕೂ ಒಂದೇ ಮೂಟೆ, ಒಳಗೆ ಏನಿದೆ ಎಂಬುದು ಹೊತ್ತವನ ನೆನಪಿನಲ್ಲಿ. ಒಬ್ಬರೇ ಬರೆದು ಒಬ್ಬರೇ ಓದುವ ಸಣ್ಣ ಪ್ರೋಗ್ರಾಮಿಗೆ ಮೂಟೆ ಸಾಕು. ಡಂಪ್1090 ಅಂಥ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಲೈಬ್ರರಿ ಎನ್ನುವುದು ಬರೆದವರನ್ನು ಕಾಣದ ಸಾವಿರ ಮಂದಿ ಬಳಸುವ ವಸ್ತು. ಬರೆದವರ ನೆನಪು ಅವರಿಗೆ ಸಿಗುವುದಿಲ್ಲ.

ಮೂಟೆಯ ಅಪಾಯ ಎಷ್ಟೆಂದು ತಿಳಿಯಲು 19ನೆಯ ಬಗೆಯನ್ನು, ಅಂದರೆ ವೇಗವನ್ನು, ಇನ್ನೂ ಹತ್ತಿರದಿಂದ ನೋಡಬೇಕು. ಅದರೊಳಗೆ ನಾಲ್ಕು ಒಳಬಗೆ. 1 ಮತ್ತು 2 ಬಂದರೆ ನೆಲಕ್ಕೆ ಹೋಲಿಸಿದ ವೇಗ, 3 ಮತ್ತು 4 ಬಂದರೆ ಗಾಳಿಗೆ ಹೋಲಿಸಿದ ವೇಗ. ಮೊದಲ ಜೋಡಿಯಲ್ಲಿ ಸಂದೇಶದ ನಡುವಿನ 22 ಬಿಟ್ ಪೂರ್ವ ಪಶ್ಚಿಮ ಎಷ್ಟು, ಉತ್ತರ ದಕ್ಷಿಣ ಎಷ್ಟು ಎಂದು ಹೇಳುತ್ತವೆ. ಎರಡನೆಯ ಜೋಡಿಯಲ್ಲಿ ಅದೇ 22 ಬಿಟ್ ವಿಮಾನದ ಮೂತಿ ಯಾವ ದಿಕ್ಕಿಗಿದೆ, ಗಾಳಿಯಲ್ಲಿ ವೇಗ ಎಷ್ಟು ಎಂದು ಹೇಳುತ್ತವೆ. ಜಾಗ ಅದೇ, ಅಗಲ ಅದೇ, ಅರ್ಥ ಪೂರ್ತಿ ಬೇರೆ. ಒಳಬಗೆ ನೋಡದೆ ಓದಿದರೆ ದಿಕ್ಕಿನ ಸಂಖ್ಯೆಯೇ ವೇಗವಾಗಿ ಕೂತುಬಿಡುತ್ತದೆ. ಹಾಗೆ ಬಂದ ಸಂಖ್ಯೆ ನಂಬುವಂತೆಯೇ ಇರುತ್ತದೆ, ಅದೇ ಭಯ. ಸಾವಿರ ಪಟ್ಟು ತಪ್ಪಿದ್ದರೆ ಯಾರಾದರೂ ಗಮನಿಸುತ್ತಾರೆ. ನಂಬುವಂಥ ತಪ್ಪನ್ನು ಯಾರೂ ಗಮನಿಸುವುದಿಲ್ಲ.

ಅದೇ ಸಂದೇಶದಲ್ಲಿ ಮೆಚ್ಚಬೇಕಾದ ಇನ್ನೊಂದು ಸಂಗತಿ ಇದೆ. ವೇಗದ ಖಾನೆಯಲ್ಲಿ 0 ಎಂದಿದ್ದರೆ 'ವೇಗ ಸೊನ್ನೆ' ಎಂದಲ್ಲ, 'ಮಾಹಿತಿ ಇಲ್ಲ' ಎಂದು. ವೇಗ ನಿಜವಾಗಿ ಸೊನ್ನೆಯಾದರೆ 1 ಎಂದು ಬರೆಯುತ್ತಾರೆ, ಓದುವವರು ಒಂದು ಕಳೆದುಕೊಳ್ಳಬೇಕು. ಇಲ್ಲದಿರುವುದು ಬೇರೆ, ಸೊನ್ನೆ ಇರುವುದು ಬೇರೆ ಎಂಬ ವಿವೇಕ ಇದು. ಬರಿಗೈಗೂ ಒಂದು ಮೌಲ್ಯದ ವೇಷ ಹಾಕಿಸಿ ಕಳಿಸುವ ಅಭ್ಯಾಸವನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ 'ನಲ್' ರೂಪದಲ್ಲಿ ತಂದ ಟೋನಿ ಹೋರ್, 2009ರಲ್ಲಿ ಸಭೆಯೊಂದರಲ್ಲಿ ಅದನ್ನು ತನ್ನ ನೂರು ಕೋಟಿ ಡಾಲರಿನ ತಪ್ಪು ಎಂದು ಒಪ್ಪಿಕೊಂಡರು. ವಿಮಾನದ ಸಂದೇಶ ಬರೆದವರು ಆ ತಪ್ಪು ಮಾಡಲಿಲ್ಲ. ಅವರ ವಿವೇಕ ಲೈಬ್ರರಿಯೊಳಗೂ ಉಳಿಯಬೇಕಾದರೆ, ಬಿಡಿಸಿದ ಮೇಲೆ ಬರಿಯ ಸಂಖ್ಯೆಯನ್ನು ಕೈಗಿಡಬಾರದು. 'ಇದೆ, ಇಷ್ಟು' ಅಥವಾ 'ಇಲ್ಲ' ಎಂಬ ಎರಡು ಬಗೆಯಲ್ಲೊಂದನ್ನು ಕೈಗಿಡಬೇಕು.

ಮೂಟೆಗೆ ಬದಲು ಇರುವ ದಾರಿ ಹಣೆಪಟ್ಟಿಯದು. ಘಟಕದ ಹಣೆಯ ಮೇಲೆಯೇ ಬಗೆಯ ಹೆಸರು, ಆ ಹೆಸರಿಗೆ ತಕ್ಕ ಖಾನೆಗಳು ಮಾತ್ರ ಒಳಗೆ. ಹೆಸರಿನ ಸಂದೇಶಕ್ಕೆ ವೇಗದ ಖಾನೆಯೇ ಇರುವುದಿಲ್ಲ, ಆದ್ದರಿಂದ ಅದನ್ನು ತಪ್ಪಾಗಿ ಓದುವ ಪ್ರಶ್ನೆಯೇ ಏಳುವುದಿಲ್ಲ. ಒಳಗೆ ಕೈ ಹಾಕಬೇಕೆಂದರೆ ಮೊದಲು ಹಣೆಪಟ್ಟಿ ಓದಲೇಬೇಕು, ಬೇರೆ ಬಾಗಿಲಿಲ್ಲ. ಇದರ ಬೀಜ ಆಲ್ಗಾಲ್ 68ರಲ್ಲಿತ್ತು. 1980ರ ಹೊತ್ತಿಗೆ ಎಡಿನ್‌ಬರೋದಲ್ಲಿ ಹುಟ್ಟಿದ ಹೋಪ್ ಭಾಷೆಯಲ್ಲಿ ಅದು ಗಿಡವಾಯಿತು. ಸಿ ಭಾಷೆಯ ಯೂನಿಯನ್ ಇದರ ಅರ್ಧ ಮಾತ್ರ: ಒಂದೇ ಜಾಗವನ್ನು ಹಲವು ಬಗೆಗಳು ಹಂಚಿಕೊಳ್ಳಬಹುದು, ಆದರೆ ಈಗ ಒಳಗಿರುವುದು ಯಾವುದು ಎಂಬ ನೆನಪು ಬರೆಯುವವರದೇ. 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಭಾಷೆಯ ಈನಮ್‌ನಲ್ಲಿ ಜಾಗವೂ ಹಣೆಪಟ್ಟಿಯೂ ಒಟ್ಟಿಗೇ ಇವೆ. ನಮ್ಮ ಬೆಂಗಳೂರಿನ ಕಚೇರಿಗಳಲ್ಲಿ ಅನ್ನ ಹುಟ್ಟಿಸುವ ಜಾವಾ ತಡವಾಗಿ ಬಂತು: 2021ರ ಸೆಪ್ಟೆಂಬರಿನ 17ನೆಯ ಆವೃತ್ತಿಯಲ್ಲಿ 'ಇಷ್ಟೇ ಬಗೆ, ಇದರಾಚೆ ಇಲ್ಲ' ಎಂದು ಬೀಗ ಹಾಕುವ ಸೌಲಭ್ಯ, 2023ರ 21ನೆಯ ಆವೃತ್ತಿಯಲ್ಲಿ ಬಗೆ ನೋಡಿ ಕವಲೊಡೆಯುವ ಸೌಲಭ್ಯ. ಎರಡೂ ಸೇರಿದರೆ, ನಾಲ್ಕು ಬಗೆಗಳಲ್ಲಿ ಮೂರಕ್ಕೆ ಮಾತ್ರ ಉತ್ತರ ಬರೆದವರನ್ನು ಕಂಪೈಲರ್ ತಾನೇ ಹಿಡಿದು ನಿಲ್ಲಿಸುತ್ತದೆ.

ಇದು ಹೊರಗಿನಿಂದ ಬಂದ ವಿದ್ಯೆ ಎಂದು ಕನ್ನಡದ ಓದುಗರು ದೂರ ನಿಲ್ಲಬೇಕಾಗಿಲ್ಲ. ಕನ್ನಡದ ಸಾಲೇ ಒಂದು ಹರಿವು. ಈ ಊರಿನ ಹೆಸರನ್ನೇ ಮೊಬೈಲಿನಲ್ಲಿ ಒತ್ತಿ ನೋಡಿ: ಆವತಿ. ಓದುವ ಬಾಯಿಗೆ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ನಾಲ್ಕು ಘಟಕ: ಸ್ವರ ಆ, ವ್ಯಂಜನ ವ, ವ್ಯಂಜನ ತ, ಆಮೇಲೆ ಗುಡಿಸು. ಯುಟಿಎಫ್-8 ಕಟ್ಟಿನಲ್ಲಿ ಒಂದೊಂದಕ್ಕೆ ಮೂರರಂತೆ ಹನ್ನೆರಡು ಬೈಟ್. ಆ ಎಂಬ ಸ್ವರ ಸಾಗುವಾಗ 11100000, 10110010, 10000110 ಎಂದು ಸಾಗುತ್ತದೆ. ಮೊದಲ ಬೈಟಿನ ತಲೆಯಲ್ಲಿ 1110 ಇದೆ. ಇದು ಮೂರು ಬೈಟಿನ ಅಕ್ಷರ ಎಂಬ ಹಣೆಪಟ್ಟಿ. ಅದರ ಹಿಂದೆ ಬರುವ ಎರಡರ ತಲೆಯಲ್ಲಿ 10. ನಾವು ಹಿಂಬಾಲಕರು, ನಮ್ಮಿಂದ ಶುರು ಮಾಡಬೇಡಿ ಎಂಬ ಹಣೆಪಟ್ಟಿ. 1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಊಟಕ್ಕೆ ಕೂತಾಗ ಹೊಳೆದ ಏರ್ಪಾಡು ಇದು. ಹರಿವಿನ ನಡುವೆ ಎಲ್ಲಿಂದ ಓದಲು ಶುರು ಮಾಡಿದರೂ, ಎರಡು ಮೂರು ಹೆಜ್ಜೆಯೊಳಗೆ ಅಕ್ಷರದ ಗಡಿ ಸಿಗುತ್ತದೆ.

ಘಟಕಗಳ ಬಗೆ ತಿಳಿದ ಮೇಲೆ ಕೆಲಸ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಹಾಕಿಸಿದ ಪ್ರಸ್ತಾರ ನೆನಪಿರುವವರಿಗೆ ಈ ಕೆಲಸ ಚೆನ್ನಾಗಿ ಗೊತ್ತು. ಹತ್ತನೆಯ ಶತಮಾನದ ಕೊನೆಯಲ್ಲಿ ಒಂದನೆಯ ನಾಗವರ್ಮ 'ಛಂದೋಂಬುಧಿ' ಬರೆದ ಕಾಲದಿಂದ ಈ ನಾಡಿನಲ್ಲಿ ಓದಿದವರು ಅಕ್ಷರಗಳ ಹರಿವನ್ನು ಗುರು ಲಘು ಎಂದು ಬಗೆ ಮಾಡುತ್ತಲೇ ಬಂದಿದ್ದಾರೆ. ದೇವನಹಳ್ಳಿ ಎಂಬ ಪದ ತೆಗೆದುಕೊಳ್ಳಿ. ದೇ ದೀರ್ಘ, ಬಂದ ಕೂಡಲೇ ಗುರು ಎನ್ನಬಹುದು. ವ ಲಘು, ನ ಲಘು. ಆಮೇಲೆ ಹ ಬಂತು. ಹ್ರಸ್ವ, ಲಘು ಎಂದು ಬರೆಯಲು ಕೈ ಮುಂದಾಗುತ್ತದೆ. ಮೇಷ್ಟ್ರು ತಡೆಯುತ್ತಾರೆ: ಮುಂದಿನದ್ದು ನೋಡಿದೆಯೇನೋ? ಮುಂದೆ ಳ್ಳಿ, ಒತ್ತಕ್ಷರ. ಆದ್ದರಿಂದ ಹ ಗುರು.

ಈ ಒಂದು ತಡೆಯಲ್ಲಿ ಹರಿವಿನ ಸಂಸ್ಕರಣೆಯ ಅರ್ಧ ಪಾಠ ಅಡಗಿದೆ. ಕೈಗೆ ಬಂದ ಘಟಕದ ತೀರ್ಮಾನ ಕೆಲವೊಮ್ಮೆ ಮುಂದೆ ಬರುವ ಘಟಕದ ಬಗೆಯನ್ನು ಅವಲಂಬಿಸಿರುತ್ತದೆ. ಹ ಎಂಬುದನ್ನು ಕೈಯಲ್ಲೇ ಹಿಡಿದು ಕಾಯಬೇಕು. ವಿಮಾನದ ಸ್ಥಾನದ ಸಂದೇಶವೂ ಹೀಗೇ. ಅದು ಸಮ, ಬೆಸ ಎಂದು ಎರಡು ರೂಪದಲ್ಲಿ ಬದಲಾಗಿ ಬದಲಾಗಿ ಬರುತ್ತದೆ. ಸಮ ಸಂದೇಶ ಭೂಮಿಯನ್ನು ಅಕ್ಷಾಂಶದ 60 ಪಟ್ಟಿಗಳಾಗಿ ಭಾಗ ಮಾಡಿ, ಪಟ್ಟಿಯೊಳಗೆ ತಾನೆಲ್ಲಿದ್ದೇನೆ ಎಂದಷ್ಟೇ ಹೇಳುತ್ತದೆ, ಯಾವ ಪಟ್ಟಿ ಎಂದು ಹೇಳುವುದಿಲ್ಲ. ಬೆಸ ಸಂದೇಶ 59 ಪಟ್ಟಿಗಳಾಗಿ ಭಾಗ ಮಾಡಿ ಹಾಗೇ ಹೇಳುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಪಟ್ಟಿ ಯಾವುದೆಂದು ಬಯಲಾಗುತ್ತದೆ. ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರ್ಸ್‌ನಲ್ಲಿ ಎರಡು ಅಳತೆಪಟ್ಟಿಗಳ ಗೆರೆ ಎಲ್ಲಿ ಕೂಡುತ್ತದೆ ಎಂದು ನೋಡುವ ಉಪಾಯಕ್ಕೆ ಹತ್ತಿರದ್ದು. ಸಮವನ್ನು ಬೆಸ ಎಂದು ಓದಿದರೆ ವಿಮಾನ ಇಲ್ಲದ ಕಡೆ ತೋರುತ್ತದೆ. ಸಮ ಬೆಸ ಎನ್ನುವುದು ಅಲ್ಲಿ ಕೇವಲ ಒಂದು ಬಿಟ್. ಆ ಒಂದು ಬಿಟ್ ಅನ್ನು ಲೈಬ್ರರಿ ಮೂಲೆಗೆ ತಳ್ಳಬಾರದು, ಬಗೆಯ ಹೆಸರಿನಲ್ಲೇ ಸೇರಿಸಬೇಕು.

ಹರಿವಿನಲ್ಲಿ ಉಚ್ಚಾರವಿಲ್ಲದ, ಆಕಾರವಿಲ್ಲದ ಘಟಕಗಳೂ ಇರುತ್ತವೆ. ಕನ್ನಡಿಗರಿಗೆ ಅದರ ಪೆಟ್ಟು ಚೆನ್ನಾಗಿ ಗೊತ್ತು. ರ‍್ಯಾಂಕ್ ಎಂದು ಬರೆಯಬೇಕಾದರೆ ರಕಾರಕ್ಕೂ ವಿರಾಮ ಚಿಹ್ನೆಗೂ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಕೂರುತ್ತದೆ. ಅಗಲವಿಲ್ಲ, ಸದ್ದಿಲ್ಲ. ರಕಾರ ಅರ್ಕಾವತ್ತಾಗಿ ಹಾರಿ ಯಕಾರದಾಚೆ ಹೋಗದಂತೆ ತಡೆಯುವುದಷ್ಟೇ ಅದರ ಕೆಲಸ. ಪಠ್ಯವನ್ನು ಚೊಕ್ಕಟ ಮಾಡುತ್ತೇನೆಂದು ಹೊರಟ ಪ್ರೋಗ್ರಾಂ ಒಂದು, ಇದರಲ್ಲಿ ಅಕ್ಷರವೇ ಇಲ್ಲವಲ್ಲ ಎಂದು ಅದನ್ನು ಅಳಿಸಿದರೆ ರ‍್ಯಾಂಕ್ ಹೋಗಿ ರ್ಯಾಂಕ್ ಆಗುತ್ತದೆ. ಇಂಥ ರೂಪಗಳು ಪರದೆಯ ಮೇಲೂ ಅಚ್ಚಿನಲ್ಲೂ ದಿನವೂ ಕಾಣಸಿಗುತ್ತವೆ. ಅಕ್ಷರಕ್ಕೆ ಮಾತ್ರ ಬಗೆ ಕೊಟ್ಟು, ಅಕ್ಷರವಲ್ಲದ್ದಕ್ಕೆ ಬಗೆ ಕೊಡದ ಲೈಬ್ರರಿ ಮಾಡುವ ಹಾನಿ ಇದು.

ಇದೇ ಮಾತನ್ನು ಹಳ್ಳಿಯ ಹಾಲಿನ ಡೈರಿಯಲ್ಲಿ ನಿಂತು ಇನ್ನಷ್ಟು ಸ್ಪಷ್ಟವಾಗಿ ನೋಡಬಹುದು. ಬೆಳಗ್ಗೆ ಹಾಲು ಹಾಕುವವರ ಸಾಲು. ಯಂತ್ರಕ್ಕೆ ಸದಸ್ಯರ ನಂಬರು, ಲೀಟರು, ಫ್ಯಾಟು, ಎಸ್‌ಎನ್‌ಎಫ್ ಒಂದರ ಹಿಂದೊಂದು ಬೀಳುತ್ತವೆ. ಇವೆಲ್ಲ ಹಾಲಿನ ಘಟಕಗಳು. ಕಡೆಗೆ ಸೆಕ್ರೆಟರಿ ಬೆಳಗಿನ ಹಾಲು ಮುಗಿಯಿತು ಎಂದು ಗುಂಡಿ ಒತ್ತುತ್ತಾರೆ ಎಂದುಕೊಳ್ಳಿ. ಆ ಘಟಕದಲ್ಲಿ ಒಂದು ಹನಿ ಹಾಲಿಲ್ಲ. ಆದರೆ ಅದು ಬರುವ ತನಕ ಬೆಳಗಿನ ಒಟ್ಟು ಲೀಟರನ್ನು ಯಾರೂ ಖಚಿತವಾಗಿ ಹೇಳುವಂತಿಲ್ಲ. ಕೊನೆಯ ಗಳಿಗೆಯಲ್ಲಿ ಕ್ಯಾನು ಹಿಡಿದು ಓಡಿಬರುವ ಒಬ್ಬರು ಇದ್ದೇ ಇರುತ್ತಾರೆ. ಈ 'ಮುಗಿಯಿತು' ಎಂಬುದನ್ನು ಲೀಟರು 0, ಫ್ಯಾಟು 0 ಎಂಬ ಸುಳ್ಳು ಹಾಲಾಗಿ ಬರೆದರೆ, ವಾರದ ಸರಾಸರಿ ಫ್ಯಾಟು ಕುಸಿಯುತ್ತದೆ, ಬಟವಾಡೆಯ ದಿನ ಜಗಳ. ಅದಕ್ಕೆ ತನ್ನದೇ ಹೆಸರು, ತನ್ನದೇ ಬಗೆ ಬೇಕು.

ಹರಿವಿನ ಸಂಸ್ಕರಣೆಯಲ್ಲಿ ಇದನ್ನು ವಾಟರ್‌ಮಾರ್ಕ್ ಎನ್ನುತ್ತಾರೆ. ಕೆರೆಯ ಏರಿಯ ಮೇಲೆ ನೀರು ಎಲ್ಲಿಯವರೆಗೆ ಬಂತೆಂದು ತೋರುವ ಗೆರೆಯ ಹಾಗೆ, ಹೊತ್ತು ಎಲ್ಲಿಯವರೆಗೆ ಬಂತೆಂದು ತೋರುವ ಗೆರೆ. ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದ ಸುತ್ತ ಸ್ಟ್ರಾಟೋಸ್ಫಿಯರ್ ಎಂಬ ಸಂಶೋಧನೆಯಾಗಿ ಹುಟ್ಟಿ, ಆಮೇಲೆ ಅಪಾಚೆ ಫ್ಲಿಂಕ್ ಎಂದು ಹೆಸರಾದ ಲೈಬ್ರರಿಯನ್ನು ಇಲ್ಲಿ ನೋಡಬೇಕು. ಫ್ಲಿಂಕ್ ಎಂದರೆ ಜರ್ಮನ್ನಿನಲ್ಲಿ ಚುರುಕು. ಅದರ ಒಳಗೆ ಹರಿಯುವುದಕ್ಕೆಲ್ಲ 'ಸ್ಟ್ರೀಮ್ ಎಲಿಮೆಂಟ್' ಎಂಬ ಒಬ್ಬ ತಾಯಿ. ಮಕ್ಕಳು ಹಲವರು: ನಿಜವಾದ ದತ್ತಾಂಶ ಹೊತ್ತ ದಾಖಲೆ, ವಾಟರ್‌ಮಾರ್ಕ್, ಎಷ್ಟು ತಡವಾಗುತ್ತಿದೆ ಎಂದು ಅಳೆಯಲು ಬಿಟ್ಟ ಗುರುತು, ಈ ಕಾಲುವೆಯಲ್ಲಿ ಸದ್ಯ ನೀರಿಲ್ಲ ಎಂದು ಸಾರುವ ಸ್ಥಿತಿ. ಒಂದು ಯಂತ್ರದಿಂದ ಇನ್ನೊಂದಕ್ಕೆ ಕಳಿಸುವಾಗ ಪ್ರತಿ ಘಟಕದ ಮುಂದೆ ಒಂದು ಬೈಟಿನ ಹಣೆಪಟ್ಟಿ. ಹೊತ್ತು ನಮೂದಾದ ದಾಖಲೆಗೆ 0, ಹೊತ್ತು ಇಲ್ಲದ ದಾಖಲೆಗೆ 1, ವಾಟರ್‌ಮಾರ್ಕಿಗೆ 2, ತಡ ಅಳೆಯುವ ಗುರುತಿಗೆ 3, ಸ್ಥಿತಿಗೆ 4. ಮುಂದಿನ ಆವೃತ್ತಿಗಳಲ್ಲಿ ಇನ್ನಷ್ಟು ಸೇರಿವೆ. 0 ಮತ್ತು 1 ಬೇರೆಬೇರೆಯಾಗಿರುವುದನ್ನು ಗಮನಿಸಬೇಕು. ಹೊತ್ತು ಇಲ್ಲದ ದಾಖಲೆಗೆ ಸೊನ್ನೆ ಗಂಟೆ ಎಂಬ ಸುಳ್ಳು ಹೊತ್ತನ್ನು ಅಂಟಿಸಲಿಲ್ಲ, ಬೇರೆ ಬಗೆಯನ್ನೇ ಕೊಟ್ಟರು. ವಿಮಾನದ ವೇಗದ ಖಾನೆಯಲ್ಲಿ ಕಂಡದ್ದೇ ವಿವೇಕ.

ಎಲ್ಲವೂ ನಿಂತುಹೋದರೆ ಎಲ್ಲಿಂದ ಮತ್ತೆ ಶುರು ಮಾಡಬೇಕು ಎಂದು ಗುರುತಿಡಲು ಫ್ಲಿಂಕ್ ಹರಿವಿನ ನಡುವೆ ಒಂದು ತಡೆಗೆರೆಯನ್ನೂ ಬಿಡುತ್ತದೆ. ಇದರ ಮೂಲ 1985ರಲ್ಲಿ ಮಣಿ ಚಾಂಡಿ ಮತ್ತು ಲೆಸ್ಲಿ ಲ್ಯಾಂಪೋರ್ಟ್ ಪ್ರಕಟಿಸಿದ ಕ್ರಮ. ಚಾಂಡಿ ಮದರಾಸಿನ ಐಐಟಿಯಲ್ಲಿ ಓದಿದವರು. ಓಡುತ್ತಿರುವ ಕೆಲಸವನ್ನು ನಿಲ್ಲಿಸದೆ ಅದರ ಚಿತ್ರ ತೆಗೆಯುವುದು ಹೇಗೆ ಎಂಬುದಕ್ಕೆ ಅವರಿಬ್ಬರ ಉತ್ತರ, ದತ್ತಾಂಶದ ಜೊತೆಯಲ್ಲೇ, ಅದೇ ಸಾಲಿನಲ್ಲಿ, ದತ್ತಾಂಶವಲ್ಲದ ಒಂದು ಗುರುತನ್ನು ಕಳಿಸುವುದು.

ಬಗೆಗೊಂದು ಕಾಲುವೆ ಮಾಡಿದರಾಗದೇ ಎಂದು ಕೇಳುವವರಿದ್ದಾರೆ. ಲಿಂಕ್ಡ್‌ಇನ್ ಕಂಪನಿಯಲ್ಲಿ ಹುಟ್ಟಿ 2011ರಲ್ಲಿ ಎಲ್ಲರಿಗೂ ತೆರೆದ ಕಾಫ್ಕಾ ಎಂಬ ಸಂದೇಶ ಸಾಗಿಸುವ ಏರ್ಪಾಡಿನಲ್ಲಿ ಹಾಗೆ ಮಾಡುವುದು ಸಲೀಸು: ಹೆಸರಿಗೊಂದು ಕಾಲುವೆ (ಅಲ್ಲಿ ಅದನ್ನು ಟಾಪಿಕ್ ಎನ್ನುತ್ತಾರೆ), ವೇಗಕ್ಕೊಂದು. ಕಾಫ್ಕಾಗೆ ಒಳಗಿರುವುದೇನೆಂದು ಗೊತ್ತಿಲ್ಲ, ಬರಿಯ ಬೈಟುಗಳನ್ನು ಹೊರುತ್ತದೆ. ಆದರೆ ಅದು ಕ್ರಮ ಕಾಯುವುದು ಟಾಪಿಕ್ಕಿನ ಪಾಲಾದ ಒಂದು ಪಾರ್ಟಿಷನ್ನಿನೊಳಗೆ ಮಾತ್ರ. ತುರ್ತು ಸ್ಥಿತಿಯ ಸಂದೇಶ ಮೊದಲು ಬಂತೋ, ಎತ್ತರ ಇಳಿದ ಸಂದೇಶ ಮೊದಲು ಬಂತೋ ಎಂಬುದು ಮುಖ್ಯವಾದ ಕಡೆ ಬಗೆಗಳನ್ನು ಬೇರೆ ಕಾಲುವೆಗೆ ತಿರುಗಿಸಿದರೆ ಆ ಕ್ರಮ ಕಳೆದುಹೋಗುತ್ತದೆ. ಒಂದು ವಿಮಾನದ ಮಾತು ಒಂದೇ ಸಾಲಿನಲ್ಲಿ, ಬಗೆಗಳು ಬೆರೆತುಕೊಂಡೇ ಹರಿಯಲಿ.

ಹಣೆಪಟ್ಟಿಯ ದಾರಿಗೂ ತೊಡಕಿದೆ. ಬಗೆಗಳಿಗೆ ಬೀಗ ಹಾಕಿದ ಮೇಲೆ ಹೊಸ ಬಗೆ ಬಂದರೆ, ಲೈಬ್ರರಿ ಬಳಸುವ ಪ್ರತಿಯೊಬ್ಬರ ಪ್ರೋಗ್ರಾಮೂ ಒಡೆಯುತ್ತದೆ. ತಾಯಿ ಮಕ್ಕಳ ದಾರಿಯಲ್ಲಿ ಹೊಸ ಮಗುವನ್ನು ಸೇರಿಸುವುದು ಸುಲಭ, ಆದರೆ ಎಲ್ಲ ಮಕ್ಕಳಿಗೂ ಹೊಸ ಕೆಲಸ ಕಲಿಸುವುದು ಕಷ್ಟ. ಹಣೆಪಟ್ಟಿಯ ದಾರಿಯಲ್ಲಿ ಇದಕ್ಕೆ ತಿರುವುಮುರುವು. 1998ರಲ್ಲಿ ಫಿಲಿಪ್ ವಾಡ್ಲರ್ ಈ ಇಕ್ಕಟ್ಟಿಗೆ ಹೆಸರಿಟ್ಟು ಚರ್ಚೆಗೆ ಎಳೆದರು. ಅಂದಿನಿಂದ ಹಲವು ಭಾಷೆಗಳವರು ಇದರೊಡನೆ ಸೆಣಸಿದ್ದಾರೆ. ವಿಮಾನದ ಸಂದೇಶದಲ್ಲಿ 23ರಿಂದ 27ರವರೆಗಿನ ಬಗೆಗಳನ್ನು ಮುಂದಕ್ಕೆಂದು ಕಾಯ್ದಿರಿಸಿದ್ದಾರೆ. ಅಂಥದೊಂದು ನಾಳೆ ಬಂದರೆ ಇಂದಿನ ಲೈಬ್ರರಿ ಏನು ಮಾಡಬೇಕು? ಎಸೆಯಬಾರದು, ಗೊತ್ತಿರುವ ಬಗೆಯೆಂದು ನಟಿಸಲೂ ಬಾರದು. 'ಗುರುತಿಲ್ಲದ ಬಗೆ' ಎಂಬ ಹಣೆಪಟ್ಟಿ ಹಚ್ಚಿ, ಬಂದ ಬಿಟ್ಟುಗಳನ್ನು ಹಾಗೇ ಒಳಗಿಟ್ಟು ಮುಂದೆ ಕಳಿಸಬೇಕು. ರಸ್ಟ್ ಭಾಷೆ 2019ರಲ್ಲಿ, ಈ ಪಟ್ಟಿ ಮುಂದೆ ಬೆಳೆಯಬಹುದು ಎಂದು ಬರೆದವರೇ ಸಾರಿಬಿಡುವ ಸೌಲಭ್ಯ ತಂದಿತು. ಬಳಸುವವರು 'ಉಳಿದದ್ದು' ಎಂಬ ಕವಲನ್ನೂ ಬರೆಯಲೇಬೇಕು. ಸದ್ಯಕ್ಕೆ ಇದು ಒಳ್ಳೆಯ ಏರ್ಪಾಡು.

ಹಣೆಪಟ್ಟಿ ಹೊತ್ತ ಬಗೆಗಳು, ದತ್ತಾಂಶವಲ್ಲದ್ದಕ್ಕೂ ಸರಿಸಮನಾದ ಬಗೆ, ಗುರುತಿಲ್ಲದ್ದಕ್ಕೂ ಒಂದು ಬಗೆ: ಲೈಬ್ರರಿ ಬರೆಯುವವರ ಮುಂದೆ ಇಡಬೇಕಾದ ಬೇಡಿಕೆ ಇಷ್ಟು. ಬೆಂಗಳೂರಿಗೆ ದಿನವೂ ಬಸ್ಸು ಹತ್ತಿ ಹೋಗಿ ಕಂಪ್ಯೂಟರ್ ವಿಜ್ಞಾನ ಓದುವ ಮಕ್ಕಳು ಆವತಿಯಲ್ಲೂ ದೇವನಹಳ್ಳಿಯಲ್ಲೂ ಇದ್ದಾರೆ. ಅವರಲ್ಲಿ ಒಂದು ಕೋರಿಕೆ. ಕನ್ನಡದ ಸಾಲನ್ನು ಹರಿವಾಗಿ ಓದಿ ಪ್ರಸ್ತಾರ ಹಾಕುವ ಒಂದು ಸಣ್ಣ ಲೈಬ್ರರಿ ಬರೆಯಿರಿ. ಸ್ವರ, ವ್ಯಂಜನ, ಸ್ವರಚಿಹ್ನೆ, ವಿರಾಮ, ಅನುಸ್ವಾರ, ವಿಸರ್ಗ, ಕಾಣದ ಜೋಡಕ, ಸಾಲಿನ ಕೊನೆ, ಗುರುತಿಲ್ಲದ್ದು. ಈ ಒಂಬತ್ತು ಬಗೆಗಳನ್ನು ಮೊದಲು ಹೆಸರಿಸಿ, ಆಮೇಲೆ ಲೆಕ್ಕಕ್ಕೆ ಕೈ ಹಾಕಿ. ಪರೀಕ್ಷೆಗೆ ಮೂರು ಪದ ಸಾಕು. ಆವತಿ: ಒಂದು ಗುರು, ಎರಡು ಲಘು, ನಾಲ್ಕು ಮಾತ್ರೆ. ದೇವನಹಳ್ಳಿ: ಎರಡು ಗುರು, ಮೂರು ಲಘು, ಏಳು ಮಾತ್ರೆ. ರ‍್ಯಾಂಕ್: ಒಂದೇ ಗುರು, ಎರಡು ಮಾತ್ರೆ, ಮತ್ತು ಓದುವ ಮುಂಚೆ ಅದರಲ್ಲಿದ್ದ ಎಂಟು ಘಟಕಗಳು ಓದಿದ ಮೇಲೂ ಎಂಟೇ ಇರಬೇಕು.